ಬೋನಸ್‌ಹೆಫ್ಟ್: ಹಲ್ಲು ತೋರಿಸಿದ್ದಕ್ಕೊಂದು ಸೀಲು

ನಮ್ಮ ಅಡುಗೆಮನೆಯ ಡ್ರಾಯರಿನಲ್ಲಿ, ಹಳೇ ಬಿಲ್ಲು, ಸೈಕಲ್ ಬೀಗದ ಕೀ ಇವುಗಳ ನಡುವೆ ಮಡಚಿದ ಕಾಗದದ ಒಂದು ಪುಟ್ಟ ಪುಸ್ತಕ ಬಿದ್ದಿರುತ್ತದೆ. ಬ್ಯಾಂಕ್ ಪಾಸ್‌ಬುಕ್ಕಿಗಿಂತ ಚಿಕ್ಕದು. ಒಳಗೆ ಗೆರೆ ಎಳೆದ ಮನೆಗಳು. ಒಂದೊಂದು ಮನೆಯಲ್ಲೂ ತಾರೀಖು, ಹಲ್ಲಿನ ಡಾಕ್ಟರ ಸೀಲು, ಗೀಚಿದ ಒಂದು ಸಹಿ. 2015, 2016, 2017, 2018. ಆಮೇಲೆ ಸೀದಾ 2020. ನಡುವೆ ಹಾರಿಹೋದ ವರ್ಷದ ಕಥೆಗೆ ಆಮೇಲೆ ಬರುತ್ತೇನೆ.

ಈ ಪುಸ್ತಕಕ್ಕೆ ಜರ್ಮನಿಯಲ್ಲಿ ಬೋನಸ್‌ಹೆಫ್ಟ್ ಅನ್ನುತ್ತಾರೆ. ಬೋನಸ್ ನಮಗೆ ಗೊತ್ತಿರೋದೇ, ದೀಪಾವಳಿಗೆ ಫ್ಯಾಕ್ಟರಿಯಲ್ಲಿ ಕೊಡುವುದು. ಮೂಲದಲ್ಲಿ ಅದು ಲ್ಯಾಟಿನ್, ‘ಒಳ್ಳೆಯದು’ ಅಂತ ಅರ್ಥ. ಹೆಫ್ಟ್ ಅಂದರೆ ತೆಳ್ಳಗಿನ ಪುಸ್ತಕ. ಶಾಲೆಯ ಮಕ್ಕಳ ನೋಟ್‌ಬುಕ್ಕಿಗೂ ಇಲ್ಲಿ ಇದೇ ಪದ. ಎರಡೂ ಸೇರಿದರೆ, ವರ್ಷಾವರ್ಷ ಹಲ್ಲು ತೋರಿಸಿಕೊಂಡು ಬಂದವರ ಲೆಕ್ಕದ ಪುಸ್ತಕ. ಲೆಕ್ಕ ಸರಿಯಿದ್ದರೆ, ಮುಂದೆ ಹಲ್ಲು ಕಟ್ಟಿಸುವಾಗ ನಿಮ್ಮ ಜೇಬಿನಿಂದ ಹೋಗುವ ದುಡ್ಡು ಕಡಿಮೆಯಾಗುತ್ತದೆ.

1989ರ ಆರೋಗ್ಯ ಸುಧಾರಣೆಯ ಜೊತೆ ಬಂದ ಪದ್ಧತಿ ಇದು. ಹನ್ನೆರಡರಿಂದ ಹದಿನೇಳು ವರ್ಷದ ಮಕ್ಕಳು ಆರು ತಿಂಗಳಿಗೊಮ್ಮೆ, ದೊಡ್ಡವರು ವರ್ಷಕ್ಕೊಮ್ಮೆ ಹೋಗಬೇಕು. ಕ್ಯಾಪ್, ಬ್ರಿಡ್ಜ್, ಹಲ್ಲಿನ ಸೆಟ್ಟು ಬೇಕಾದಾಗ ವಿಮೆಯವರು ಸಾಮಾನ್ಯ ಚಿಕಿತ್ಸೆಗೆ ನಿಗದಿಯಾದ ಖರ್ಚಿನಲ್ಲಿ 60% ಕೊಡುತ್ತಾರೆ. ಹಿಂದಿನ 5 ವರ್ಷ ಒಂದೂ ತಪ್ಪದೆ ಸೀಲಿದ್ದರೆ 70%. 10 ವರ್ಷದ್ದಿದ್ದರೆ 75%. 2020ರ ಅಕ್ಟೋಬರ್‌ನಿಂದ ಇರುವ ಲೆಕ್ಕ ಇದು, ಅದಕ್ಕೆ ಮುಂಚೆ ಇನ್ನೂ ಕಡಿಮೆ ಸಿಗುತ್ತಿತ್ತು. ಹುಳುಕು ತುಂಬಿಸುವುದಕ್ಕೂ ರೂಟ್ ಕೆನಾಲಿಗೂ ಇದಕ್ಕೂ ಸಂಬಂಧವಿಲ್ಲ. ಹಲ್ಲು ಕಟ್ಟಿಸುವುದಕ್ಕೆ ಮಾತ್ರ.

ಒಂದು ಉದಾಹರಣೆ ಹಿಡಿಯೋಣ. ನಿಗದಿತ ಖರ್ಚು 500 ಯೂರೋ ಅಂದುಕೊಳ್ಳಿ. ಸೀಲಿಲ್ಲದವರಿಗೆ 300 ಸಿಗುತ್ತದೆ, ಹತ್ತು ವರ್ಷದ ಸೀಲಿದ್ದವರಿಗೆ 375. ಪಿಂಗಾಣಿಯ ದುಬಾರಿ ಕ್ಯಾಪೇ ಬೇಕು ಅಂತ ಸಾವಿರ ಯೂರೋದ್ದು ಹಾಕಿಸಿಕೊಂಡರೂ ವಿಮೆಯಿಂದ ಬರುವುದು ಆ 300 ಅಥವಾ 375 ಮಾತ್ರ. ಮಿಕ್ಕಿದ್ದೆಲ್ಲ ನಿಮ್ಮದು.

ನನಗೆ ಈ ಪುಸ್ತಕದಲ್ಲಿ ಇಷ್ಟವಾಗುವುದು ಅದು ಕೇಳದೇ ಬಿಟ್ಟಿರುವ ಸಂಗತಿ. ಹಲ್ಲು ಹೇಗಿದೆ ಅಂತ ಅದರಲ್ಲಿ ಎಲ್ಲೂ ಬರೆಯುವುದಿಲ್ಲ! ಬಾಯಿ ತುಂಬ ಹುಳುಕಿರಲಿ, ಎಲೆ ಅಡಿಕೆ ಜಗಿದು ಹಲ್ಲು ಕೆಂಪಾಗಿರಲಿ, ಬಂದು ಬಾಯಿ ತೆರೆದಿರಿ ಅಂದರೆ ಸೀಲು ಬಿತ್ತು. ಮುತ್ತಿನಂಥ ಹಲ್ಲಿದ್ದೂ ಆ ವರ್ಷ ಬರದಿದ್ದವರಿಗೆ ಸೀಲಿಲ್ಲ. ಸಿಗರೇಟು ಎಷ್ಟು, ಸಿಹಿ ಎಷ್ಟು ಅಂತ ವಿಮೆಯವರು ಲೆಕ್ಕ ಇಡುವುದಿಲ್ಲ. ಮಾಡಬಹುದಾದ ಒಂದು ಕೆಲಸ ಮಾಡಿದಿರಾ, ಇಲ್ಲವಾ, ಅಷ್ಟೇ.

ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಅದರ ಹಿಂದಿರುವ ಇನ್ನೊಂದು ಜರ್ಮನ್ ಪದ ಗೊತ್ತಿರಬೇಕು: ಕ್ರಾಂಕೆನ್‌ಕಾಸೆ. ಕ್ರಾಂಕೆನ್ ಅಂದರೆ ಕಾಯಿಲೆ ಬಿದ್ದವರು, ಕಾಸೆ ಅಂದರೆ ಹಣದ ಪೆಟ್ಟಿಗೆ. ಎರಡೂ ಸೇರಿದರೆ ಆರೋಗ್ಯ ವಿಮೆಯ ಸಂಸ್ಥೆ, ಇಲ್ಲಿವರೆಗೆ ವಿಮೆಯವರು ಅಂದದ್ದು ಇವರನ್ನೇ. (ನಮ್ಮ ಕಾಸಿಗೂ ಅದಕ್ಕೂ ನೆಂಟಸ್ತನ ಇಲ್ಲ. ಸುಮ್ನೆ ಕೇಳೋಕೆ ಹಾಗಿದೆ.) 1883ರಲ್ಲಿ, ಬಿಸ್ಮಾರ್ಕ್ ಕಾಲದಲ್ಲಿ ಕಾರ್ಮಿಕರಿಗಾಗಿ ಶುರುವಾದ ಈ ಪೆಟ್ಟಿಗೆಗಳಲ್ಲಿ ಇವತ್ತು ದೇಶದ ಹತ್ತರಲ್ಲಿ ಸುಮಾರು ಒಂಬತ್ತು ಜನ ಇದ್ದಾರೆ. ಕೆಲಸದಲ್ಲಿರುವವರ ಸಂಬಳದ 14.6% ಮತ್ತು ಅದರ ಮೇಲೆ ಆಯಾ ವಿಮೆಯವರು ಹಾಕುವ ಒಂದಿಷ್ಟು ಹೆಚ್ಚುವರಿ ಅದಕ್ಕೆ ಹೋಗುತ್ತದೆ. ಅರ್ಧ ಕೆಲಸಗಾರರದ್ದು, ಅರ್ಧ ಕಂಪನಿಯದ್ದು. ದಿನಾ ಹತ್ತು ಕಿಲೋಮೀಟರ್ ಓಡುವವರೂ, ದಿನಕ್ಕೊಂದು ಪ್ಯಾಕ್ ಸೇದುವವರೂ ಒಂದೇ ಸಂಬಳ ತಗೊಂಡರೆ, ಒಂದೇ ಪೆಟ್ಟಿಗೆಯಲ್ಲಿದ್ದರೆ, ಕಟ್ಟುವುದು ಒಂದೇ. ದುಡಿಯದ ಗಂಡನೋ ಹೆಂಡತಿಯೋ, ಚಿಕ್ಕ ಮಕ್ಕಳೋ ಇದ್ದರೆ ಅವರೂ ಅದರಲ್ಲೇ ಸೇರುತ್ತಾರೆ, ಬೇರೆ ದುಡ್ಡಿಲ್ಲ. ‘ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ’ ಅನ್ನುತ್ತೇವಲ್ಲ, ಈ ಪೆಟ್ಟಿಗೆ ಆ ಎರಡನ್ನೂ ಒಂದು ಕಡೆ ಕೂಡಿಸುತ್ತದೆ.

ಇ.ಎಸ್.ಐ. ಕಾರ್ಡ್ ನೋಡಿದವರಿಗೆ ಇದು ಹೊಸದೇನಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವವರ ಸಂಬಳದಿಂದ 0.75%, ಮಾಲೀಕರಿಂದ 3.25% ಅದಕ್ಕೆ ಹೋಗುತ್ತದೆ. ಬೀಡಿ ಸೇದುತ್ತೀಯಾ ಅಂತ ಕೇಳಿ ಯಾರೂ ಅದನ್ನು ಜಾಸ್ತಿ ಮಾಡುವುದಿಲ್ಲ.

ಹಾಗಾದರೆ ಚೆನ್ನಾಗಿ ಬದುಕುವವರಿಗೆ ಏನೂ ಇಲ್ಲವಾ? ಊಟದ ಹೊತ್ತಿನಲ್ಲಿ ಆಫೀಸಿನಲ್ಲಿ ಈ ಮಾತು ಆಗಾಗ ಏಳುತ್ತದೆ. ನಾನು ಜಿಮ್ಮಿಗೆ ಹೋಗೋನು, ಅವನ ಬೊಜ್ಜಿಗೆ ನಾನ್ಯಾಕೆ ಕಟ್ಟಲಿ ಅಂತ. ಕೇಳೋಕೆ ನ್ಯಾಯವಾಗೇ ಇದೆ. ಆದರೆ ಒಬ್ಬರ ಸಕ್ಕರೆ ಕಾಯಿಲೆ ಅಪ್ಪನಿಂದ ಬಂತೋ, ಮೈಸೂರುಪಾಕಿನಿಂದ ಬಂತೋ, ಇಪ್ಪತ್ತು ವರ್ಷ ಮಾಡಿದ ನೈಟ್ ಶಿಫ್ಟಿನಿಂದ ಬಂತೋ ಅಂತ ಬಿಡಿಸಿ ಹೇಳುವವರು ಯಾರು? ಹೇಳಬೇಕು ಅಂದರೆ ಅವರ ತಟ್ಟೆ, ಮನೆ, ನಿದ್ದೆ ಎಲ್ಲ ಇಣುಕಿ ನೋಡಬೇಕು. ಬೋನಸ್‌ಹೆಫ್ಟ್ ಆ ಉಸಾಬರಿಗೇ ಹೋಗುವುದಿಲ್ಲ. ತಿಂಗಳ ಕಂತನ್ನು ಮುಟ್ಟದೆ, ಒಂದು ಚಿಕಿತ್ಸೆಯ ಖರ್ಚಿನ ಒಂದು ತುದಿಯಲ್ಲಿ ಮಾತ್ರ ಸ್ವಲ್ಪ ಎಳೆಯುತ್ತದೆ. ವರಮಾನ ತೀರಾ ಕಡಿಮೆ ಇದ್ದವರಿಗೆ ಸೀಲಿರಲಿ ಬಿಡಲಿ, ಸಾಮಾನ್ಯ ಚಿಕಿತ್ಸೆಯ ಪೂರ್ತಿ ಖರ್ಚನ್ನು ವಿಮೆಯೇ ಕೊಡುತ್ತದೆ.

ಇಷ್ಟು ಹೊಗಳಿದ ಮೇಲೆ ನನ್ನ 2019 ಹೇಳಲೇಬೇಕು. ಆ ವರ್ಷ ಮರೆತಿದ್ದೆ. ಡಿಸೆಂಬರ್ ಮಧ್ಯದಲ್ಲಿ ನೆನಪಾಗಿ ಫೋನ್ ಮಾಡಿದರೆ, ಈ ವರ್ಷ ಜಾಗ ಇಲ್ಲ, ಜನವರಿ 8ಕ್ಕೆ ಬನ್ನಿ ಅಂದರು. ಹೋದೆ. ಡಾಕ್ಟರು ನೋಡಿ, ಎಲ್ಲ ಚೆನ್ನಾಗಿದೆ ಅಂದರು. ಸೀಲು ಬಿದ್ದದ್ದು 2020ರ ಮನೆಗೆ. ಎಂಟು ದಿನದ ಅಂತರದಲ್ಲಿ ಒಂದು ವರ್ಷವೇ ಹೋಯಿತು. ಲೆಕ್ಕ ಕ್ಯಾಲೆಂಡರ್ ವರ್ಷದ್ದು, ಹಲ್ಲಿಗೆ ಕ್ಯಾಲೆಂಡರ್ ಗೊತ್ತಿಲ್ಲದಿದ್ದರೇನಂತೆ. 2022ರಲ್ಲಿ ಹುರಿಗಡಲೆ ಅಗಿಯುವಾಗ ದವಡೆ ಹಲ್ಲಿನ ಮೂಲೆ ಮುರಿದು ಕ್ಯಾಪ್ ಹಾಕಿಸಬೇಕಾಯಿತು. ಹಿಂದಿನ ಐದು ವರ್ಷ ಎಣಿಸಿದರು, ನಡುವೆ ತೂತು. ಸಿಕ್ಕಿದ್ದು 60%.

ಅವತ್ತು ನನಗೆ ‘ಬೋನಸ್’ ಅನ್ನುವ ಪದದ ಇನ್ನೊಂದು ಮುಖ ಕಂಡಿತು. ಸೀಲಿದ್ದವರಿಗೆ ಹತ್ತು ಪರ್ಸೆಂಟ್ ಜಾಸ್ತಿ ಅನ್ನುವುದೂ, ಇಲ್ಲದವರಿಗೆ ಹತ್ತು ಪರ್ಸೆಂಟ್ ಕಡಿಮೆ ಅನ್ನುವುದೂ ಒಂದೇ ದುಡ್ಡು. ಬೋನಸ್ಸಿನ ವಿರುದ್ಧ ಪದ ಮಾಲುಸ್, ಅದೂ ಲ್ಯಾಟಿನ್ನೇ, ‘ಕೆಟ್ಟದ್ದು’ ಅಂತ. ಆದರೆ ಯಾರೂ ಮಾಲುಸ್‌ಹೆಫ್ಟ್ ಅಂತ ಅಚ್ಚು ಹಾಕಿಸುವುದಿಲ್ಲ, ಅಲ್ವಾ? ಮತ್ತೆ, ಸೀಲು ಯಾರಿಗೆ ಸುಲಭ ಅಂತಲೂ ನೋಡಬೇಕು. ಕೆಲಸದ ನಡುವೆ ಒಂದು ಗಂಟೆ ಎದ್ದು ಹೋಗಬಲ್ಲವರಿಗೆ, ಭಾಷೆ ಬರುವವರಿಗೆ, ಕಾಗದ ಜೋಪಾನ ಮಾಡುವವರಿಗೆ. ಹೊಸದಾಗಿ ಬಂದ ಎಷ್ಟೋ ಕನ್ನಡದವರಿಗೆ ಹೀಗೊಂದು ಪುಸ್ತಕ ಇದೆ ಅಂತಲೇ ಗೊತ್ತಿರುವುದಿಲ್ಲ. ನನಗೂ ಹೇಳಿದ್ದು ಪಕ್ಕದ ಮನೆಯ ಅಜ್ಜಿ.

ಇದೇ ಜಾತಿಗೆ ಸೇರಿದ ಬೋನಸ್ ಕಾರ್ಯಕ್ರಮಗಳೂ ಇವೆ. ಲಸಿಕೆ ಹಾಕಿಸಿಕೊಂಡರೆ, ತಪಾಸಣೆಗೆ ಹೋದರೆ, ಕ್ರೀಡಾ ಕ್ಲಬ್ ಸೇರಿದರೆ ವಿಮೆಯವರು ಒಂದಿಷ್ಟು ಯೂರೋ ವಾಪಸ್ ಕೊಡುತ್ತಾರೆ. ಇದರಲ್ಲಿ ಓಡುತ್ತಿರುವವರಿಗೇ ಓಡಿದ್ದಕ್ಕೆ ದುಡ್ಡು ಸಿಗುವುದು ಜಾಸ್ತಿ ಅಂತ ನನ್ನ ಅನುಮಾನ.

ಆದರೆ ಜರ್ಮನ್ ಕಾನೂನಿನಲ್ಲಿ ಒಂದು ಕಡೆ ‘ಮಾಡಿದ್ದುಣ್ಣೋ ಮಹಾರಾಯ’ ಅಂತ ನೇರವಾಗಿಯೇ ಬರೆದಿದೆ. 2007ರಿಂದ, ಚೆಂದಕ್ಕಾಗಿ ಮಾಡಿಸಿದ ಆಪರೇಷನ್, ಹಚ್ಚೆ, ಪಿಯರ್ಸಿಂಗ್ ಇವುಗಳಿಂದ ಕಾಯಿಲೆ ಬಂದರೆ, ಚಿಕಿತ್ಸೆಯ ಖರ್ಚಿನಲ್ಲಿ ತಕ್ಕ ಪಾಲನ್ನು ರೋಗಿಯೇ ಕೊಡಬೇಕು. ಎದೆಗೆ ಸಿಲಿಕೋನ್ ಹಾಕಿಸಿಕೊಂಡಿದ್ದ ಮಹಿಳೆಯೊಬ್ಬರು ಇದು ಅನ್ಯಾಯ ಅಂತ ಕೋರ್ಟಿಗೆ ಹೋದರು. 2019ರಲ್ಲಿ ಕಾಸೆಲ್ ಊರಿನಲ್ಲಿರುವ ಸಾಮಾಜಿಕ ವ್ಯಾಜ್ಯಗಳ ಅತ್ಯುನ್ನತ ಕೋರ್ಟ್, ಕಾನೂನು ಸರಿಯಾಗಿಯೇ ಇದೆ ಅಂತ ತೀರ್ಪು ಕೊಟ್ಟಿತು.

ನನಗೆ ಈ ಕಲಂ ಒಪ್ಪಿಗೆಯಿಲ್ಲ. ಆಲ್ಪ್ಸ್ ಬೆಟ್ಟದಲ್ಲಿ ಸ್ಕೀಯಿಂಗ್ ಮಾಡಿ ಕಾಲು ಮುರಿದುಕೊಂಡು ಬಂದವರಿಗೆ ಇಂಥ ಪಾಲು ಹಾಕುವುದಿಲ್ಲ. ಸಿಗರೇಟು ಸೇದಿ ಶ್ವಾಸಕೋಶ ಕೆಡಿಸಿಕೊಂಡವರಿಗೂ ಇಲ್ಲ. ಅವೂ ತಾವಾಗಿ ಮಾಡಿಕೊಂಡದ್ದೇ ತಾನೇ? ಅವರಿಗೂ ಹಾಕಿ ಅನ್ನುತ್ತಿಲ್ಲ ನಾನು. ಬೇಕಿಲ್ಲದ ಶೋಕಿ ಯಾವುದು, ಮಾಮೂಲಿ ಬದುಕು ಯಾವುದು ಅನ್ನುವುದನ್ನು ಕಾನೂನು ಬರೆದವರು ತಮ್ಮ ಕಣ್ಣಳತೆಯಲ್ಲೇ ಅಳೆದಂತಿದೆ.

ಈ ಕಲಮಿನ ಬಗ್ಗೆ ಒಂದು ರಾತ್ರಿ ಊಟ ಮಾಡುತ್ತಾ ಹೆಂಡತಿಗೆ ಹೇಳಿದೆ. ಅವಳ ಕೈ ತಾನಾಗಿ ಮೂಗುಬೊಟ್ಟಿಗೆ ಹೋಯಿತು. ಮೂಗು ಚುಚ್ಚಿಸಿದ್ದು ಅವಳ ಹನ್ನೊಂದನೇ ವಯಸ್ಸಿನಲ್ಲಿ, ಹಾಸನದ ಹತ್ತಿರದ ಅಜ್ಜಿ ಮನೆಯಲ್ಲಿ, ಅಕ್ಕಸಾಲಿಗರನ್ನು ಮನೆಗೇ ಕರೆಸಿ.

“ಇದೂ ಬರುತ್ತಾ ಅದರಲ್ಲಿ?”

“ಕಾನೂನಲ್ಲಿ ಇರೋದು ಪಿಯರ್ಸಿಂಗ್ ಅನ್ನೋ ಪದ ಅಷ್ಟೇ ಕಣೇ. ಶಾಸ್ತ್ರಕ್ಕೋ ಶೋಕಿಗೋ ಅಂತ ಬರೆದಿಲ್ಲ.”

ಅವಳು ಸಾರಿನ ಪಾತ್ರೆ ನನ್ನ ಕಡೆ ಸರಿಸಿದಳು. “ಹಾಗಾದ್ರೆ ಮುಂದಿನ ಸಲ ಊರಿಗೆ ಹೋದಾಗ ಅಕ್ಕಸಾಲಿಗರ ಹತ್ರಾನೂ ಒಂದು ಸೀಲು ಹಾಕಿಸ್ಕೊಂಡು ಬರ್ತೀನಿ, ಬಿಡಿ.”