ಪೊಲೀಸರೇ ಹಿಂದೆ ಬಂದರೆ ದಂಡ ಹಾಕಲ್ವಾ?

ಪ್ರಶ್ನೆ: ನಮ್ಮಣ್ಣನ ಮಗ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ. ದುಡ್ಡು ಕೊಟ್ಟು, ಪೊಲೀಸರನ್ನು ಹಿಂದೆ ಕರೆದುಕೊಂಡು ಬೈಕ್ ಓಡಿಸಿ, ತಪ್ಪು ಹೇಳಿಸಿಕೊಂಡು ಬಂದನಂತೆ. ಇದೇನು ಹುಚ್ಚು? ತಪ್ಪು ಕಂಡರೆ ದಂಡ ಹಾಕಲ್ವಾ? ನಾನು 22 ವರ್ಷದಿಂದ ಚಿಕ್ಕಬಳ್ಳಾಪುರ–ಚಿಂತಾಮಣಿ ರಸ್ತೆಯಲ್ಲಿ ಓಡಾಡ್ತಿದ್ದೀನಿ. ಒಂದು ಸಲವೂ ಬಿದ್ದಿಲ್ಲ. ನನ್ನಂಥವರಿಗೆ ಇದರಿಂದ ಏನಾದರೂ ಉಪಯೋಗ ಇದೆಯಾ?

ಉತ್ತರ: ದಂಡ ಹಾಕಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನಮ್ಮ ಕಡೆ ಯಾರಿಗೇ ಆಗಲಿ ಮೊದಲು ಬರುವ ಅನುಮಾನವೇ ಅದು. ದೂರದಲ್ಲಿ ಖಾಕಿ ಕಂಡರೆ ಸಾಕು, ಮೊಣಕೈಗೆ ನೇತುಹಾಕಿಕೊಂಡಿದ್ದ ಹೆಲ್ಮೆಟ್ ತಲೆಗೆ ಏರುತ್ತದೆ. ಅಂಥ ಪೊಲೀಸರನ್ನು ನಾವೇ ಕರೆದು ಬೆನ್ನಿಗೆ ಬಿಟ್ಟುಕೊಳ್ಳೋದು ಅಂದ್ರೆ ವಿಚಿತ್ರವೇ, ಅಲ್ವಾ?

ನಿಮ್ಮಣ್ಣನ ಮಗ ಹೋಗಿದ್ದು ಬಹುಶಃ ಬೈಕ್‌ಸೇಫ್ ಅನ್ನುವ ಕಾರ್ಯಕ್ರಮಕ್ಕೆ. ಬ್ರಿಟನ್ನಿನ ಪೊಲೀಸ್ ಇಲಾಖೆಗಳು ಇದನ್ನು ನಡೆಸುತ್ತವೆ. ನಮ್ಮದೇ ಬೈಕು, ನಮ್ಮದೇ ಲೈಸೆನ್ಸು, ಇನ್ಶೂರೆನ್ಸು. ಮೊದಲು ಕೂರಿಸಿ ಒಂದಷ್ಟು ಪಾಠ ಹೇಳುತ್ತಾರೆ: ತಿರುವುಗಳು, ಕೂಡುರಸ್ತೆಗಳು, ಓವರ್‌ಟೇಕ್, ಗುಂಪಿನಲ್ಲಿ ಓಡಿಸುವುದು. ಆಮೇಲೆ ನಿಜವಾದ ರಸ್ತೆಗೆ ಇಳಿಯುವುದು. ಪೊಲೀಸ್ ಸವಾರರು, ಇಲ್ಲವೇ ಅವರು ಒಪ್ಪಿದ ಅನುಭವಿಗಳು ಹಿಂದೆ ಬರುತ್ತಾರೆ. ಮಧ್ಯೆ ನಿಲ್ಲಿಸಿ ಮಾತಾಡುತ್ತಾರೆ. ಕೊನೆಗೆ ಏನು ಚೆನ್ನಾಗಿದೆ, ಎಲ್ಲಿ ಸುಧಾರಿಸಬೇಕು ಅಂತ ಹೇಳಿ ಕಳಿಸುತ್ತಾರೆ. ಪಾಸು, ಫೇಲು ಇಲ್ಲ. ಹಾಗಂತ ಕಾನೂನಿಗೆ ರಜೆಯೂ ಇಲ್ಲ. ಟೈರು ಸವೆದು ನುಣ್ಣಗಾಗಿದ್ದರೆ ರಸ್ತೆಗೇ ಬಿಡುವುದಿಲ್ಲ.

ಇದರ ಬೇರು ಹಳೆಯದು. ಪೊಲೀಸರ ವಾಹನಗಳೇ ಜಾಸ್ತಿ ಗುದ್ದಾಡುತ್ತಿವೆ ಅಂತ 1930ರ ದಶಕದಲ್ಲಿ ಲಂಡನ್ನಿನ ಹೆಂಡನ್‌ನಲ್ಲಿ ಪೊಲೀಸರಿಗಾಗಿ ಚಾಲನಾ ಶಾಲೆ ತೆರೆದರು. ಅಲ್ಲಿಂದ ಬೆಳೆದ ಕ್ರಮವನ್ನೇ ಇವತ್ತಿಗೂ ಹೇಳಿಕೊಡುತ್ತಾರೆ. ಅದರ ಸಾರ ಐದು ಮಾತು, ಇದೇ ಸಾಲಿನಲ್ಲಿ: ಮಾಹಿತಿ, ಜಾಗ, ವೇಗ, ಗೇರು, ಆಕ್ಸಲರೇಟರ್. ಮುಂದೆ ಏನಿದೆ ನೋಡು, ರಸ್ತೆಯಲ್ಲಿ ಎಲ್ಲಿರಬೇಕೋ ಅಲ್ಲಿಗೆ ಬಾ, ವೇಗ ಸರಿ ಮಾಡು, ಅದಕ್ಕೆ ತಕ್ಕ ಗೇರು ಹಾಕು, ಆಮೇಲೆ ಎಳೆ. ನಮ್ಮಲ್ಲಿ ಹೆಚ್ಚಿನವರು ಕೊನೆಯದರಿಂದ ಶುರು ಮಾಡುತ್ತೇವೆ.

ಈಗ ನಿಮ್ಮ 22 ವರ್ಷದ ವಿಷಯಕ್ಕೆ ಬರೋಣ. ಬಿದ್ದಿಲ್ಲ ಅನ್ನುವುದು ಒಳ್ಳೆಯ ಸುದ್ದಿಯೇ. ಆದರೆ ಎಷ್ಟು ಸಲ ಎದುರಿನವನು ಬ್ರೇಕ್ ಹಾಕಿ ನಿಮ್ಮನ್ನು ಉಳಿಸಿದ ಅನ್ನೋ ಲೆಕ್ಕ ನಿಮ್ಮ ಹತ್ತಿರ ಇಲ್ಲ. ನನ್ನ ಹತ್ತಿರವೂ ಇರಲಿಲ್ಲ. ನಾನೂ ಹೀಗೇ ಎದೆ ಉಬ್ಬಿಸಿಕೊಂಡಿದ್ದೆ. ನಮ್ಮ ಬೀದಿಯಲ್ಲಿ ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಒಬ್ಬರಿದ್ದಾರೆ, ಹಿಂದೆ ಎಸ್ಕಾರ್ಟ್ ಬೈಕ್ ಓಡಿಸಿದವರು. "ಸುಮ್ನೆ ನನ್ನ ಹಿಂದೆ ಬನ್ನಿ ಸಾರ್, ತಪ್ಪಿದ್ರೆ ಹೇಳಿ" ಅಂತ ಒಂದು ಭಾನುವಾರ ಶಿಡ್ಲಘಟ್ಟದ ಕಡೆ ಹೊರಟೆ.

ಐದಾರು ಕಿಲೋಮೀಟರಿಗೆ ಹಾರನ್ ಮಾಡಿ ನಿಲ್ಲಿಸಿದರು. ವೇಗದ ಮಾತೇ ಎತ್ತಲಿಲ್ಲ. "ಹುಣಸೆಮರದ ಕೆಳಗೆ ಬಸ್ ನಿಂತಿತ್ತಲ್ಲ, ಏನು ನೋಡಿದ್ರಿ?" ಅಂದರು. ಬಸ್ ನೋಡಿದೆ ಅಂದೆ. "ಬಸ್ ಕೆಳಗೆ ಎರಡು ಕಾಲು ಕಾಣ್ತಿತ್ತು. ಆ ಕಡೆಯಿಂದ ಒಬ್ಬರು ರಸ್ತೆ ದಾಟೋಕೆ ನಿಂತಿದ್ದರು." ನನಗೆ ಕಂಡೇ ಇರಲಿಲ್ಲ. ಅವತ್ತು ಆ ಕಾಲು ಮುಂದೆ ಬರಲಿಲ್ಲ, ಅಷ್ಟೇ.

ಈ ಪರಿಶೀಲನೆಯ ತಿರುಳು ಇಲ್ಲೇ ಇರೋದು. ಹಿಂದೆ ಬರುವವರು ನೋಡುವುದು ನಿಮ್ಮ ಕೈಚಳಕವನ್ನಲ್ಲ, ನಿಮ್ಮ ಕಣ್ಣು ಎಲ್ಲಿ ಹೋಯಿತು ಅನ್ನುವುದನ್ನು. ತಲೆ ತಿರುಗಿತಾ, ಬೈಕ್ ಬೇಗನೇ ಜಾಗ ಬದಲಿಸಿತಾ, ಬ್ರೇಕ್ ಲೈಟ್ ತಿರುವಿನ ಮೊದಲೇ ಹತ್ತಿತಾ, ತಿರುವಿನ ಒಳಗೆ ಹತ್ತಿತಾ? ಇಷ್ಟರಿಂದಲೇ ನಿಮ್ಮ ತಲೆಯೊಳಗೆ ಏನು ನಡೀತಿದೆ ಅಂತ ಗೊತ್ತಾಗುತ್ತದೆ. ಇದು ನಮಗೆ ನಾವೇ ಮಾಡಿಕೊಳ್ಳಲಾಗದ ಕೆಲಸ. ನಮ್ಮ ಬೆನ್ನು ನಮಗೆ ಕಾಣಲ್ಲವಲ್ಲ.

ತಿರುವಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಾರಹಳ್ಳಿ ಕ್ರಾಸಿನಿಂದ ನಂದಿ ಬೆಟ್ಟ ಹತ್ತುವಾಗ ಗಮನಿಸಿ. ರಸ್ತೆಯ ಎರಡು ಅಂಚೂ ಮುಂದೆ ಒಂದು ಕಡೆ ಕೂಡಿದ ಹಾಗೆ ಕಾಣುತ್ತದೆ. ನೀವು ಹೋದ ಹಾಗೆ ಆ ಜಾಗವೂ ದೂರ ಸರಿಯುತ್ತಿದ್ದರೆ ತಿರುವು ಬಿಚ್ಚಿಕೊಳ್ಳುತ್ತಿದೆ. ಅದು ನಿಮ್ಮ ಹತ್ತಿರಕ್ಕೇ ಬರುತ್ತಿದ್ದರೆ ತಿರುವು ಬಿಗಿಯಾಗುತ್ತಿದೆ, ವೇಗ ಇಳಿಸಿ. ಕಾಣುವಷ್ಟು ದೂರದೊಳಗೆ, ನಮ್ಮ ಪಾಲಿನ ರಸ್ತೆಯಲ್ಲೇ ನಿಲ್ಲಿಸಲು ಆಗಬೇಕು, ಅಷ್ಟೇ ವೇಗ. ಬ್ರಿಟನ್ನಿನ ರಸ್ತೆ ನಿಯಮದ ಪುಸ್ತಕದ ಪ್ರಕಾರ ಗಂಟೆಗೆ ಸುಮಾರು 48 ಕಿ.ಮೀ. ವೇಗದಲ್ಲಿ ಗಾಡಿ ನಿಲ್ಲಲು 23 ಮೀಟರ್ ಬೇಕು. ವೇಗ ಎರಡರಷ್ಟಾದರೆ 73 ಮೀಟರ್. ಅದೂ ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕಿನಲ್ಲಿ. ನಂದಿಯ ಬೆಳಗಿನ ಮಂಜಿನಲ್ಲಿ ಎಷ್ಟು ದೂರ ಕಾಣುತ್ತದೆ ಅಂತ ನಿಮಗೇ ಗೊತ್ತು.

ಬ್ರಿಟನ್ನಿನವರದು ಇನ್ನೊಂದು ಪಾಠವಿದೆ. ಎಡ ತಿರುವಿನಲ್ಲಿ ನಡುಗೆರೆಯ ಕಡೆಗೆ ಸರಿದರೆ ಮುಂದಿನದು ಬೇಗ ಕಾಣುತ್ತದೆ, ಬಲ ತಿರುವಿನಲ್ಲಿ ಎಡ ಅಂಚಿಗೆ. ಅವರ ರಸ್ತೆಯೂ ನಮ್ಮ ಹಾಗೇ ಎಡಗಡೆಯದು, ಹಾಗಾಗಿ ಲೆಕ್ಕ ಅದಲುಬದಲು ಮಾಡಬೇಕಿಲ್ಲ. ಆದರೆ ಇದನ್ನು ಕಣ್ಣು ಮುಚ್ಚಿ ಇಲ್ಲಿ ತರಬೇಡಿ ಅನ್ನೋದು ನನ್ನ ಅಭಿಪ್ರಾಯ. ನಡುಗೆರೆ ದಾಟಿ ಇಳಿದು ಬರುವ ಕಾರು ನಮ್ಮ ಬೆಟ್ಟದಲ್ಲಿ ಅಪರೂಪವಲ್ಲ. ಎಡ ಅಂಚಿನಲ್ಲಿ ಟಿಪ್ಪರಿನಿಂದ ಉದುರಿದ ಎಂ-ಸ್ಯಾಂಡ್ ಇರುತ್ತದೆ. ಅಲ್ಲಿಯವರೂ ಮೊದಲು ಸುರಕ್ಷತೆ, ಆಮೇಲೆ ಟೈರಿನ ಹಿಡಿತ, ಕೊನೆಗೆ ನೋಟ ಅಂತಲೇ ಹೇಳುತ್ತಾರೆ.

ನಮ್ಮ ಸೀಮೆಯ ಕೆಲವು ಪಾಠ ಲಂಡನ್ನಿನವರಿಗೂ ಬರಲ್ಲ ಬಿಡಿ. ಸಂಕ್ರಾಂತಿ ಆಸುಪಾಸಿನಲ್ಲಿ ಹುರುಳಿ ಗಿಡವನ್ನು ಡಾಂಬರು ರಸ್ತೆಗೇ ಹರಡಿ ಒಕ್ಕಣೆ ಮಾಡುತ್ತಾರಲ್ಲ. ಮೇಲಿನ ಸೊಪ್ಪು ಜಾರುತ್ತದೆ, ಕೆಳಗಿನ ಕಾಳು ಉರುಳುತ್ತದೆ. ಅದರ ಮೇಲೆ ಬ್ರೇಕ್ ಮುಟ್ಟಿದರೆ ಮುಗೀತು. ಮೊದಲೇ ವೇಗ ಇಳಿಸಿ, ಬೈಕ್ ನೆಟ್ಟಗೆ ಇಟ್ಟುಕೊಂಡು, ಹಾಗೇ ಉರುಳಿಸಿಕೊಂಡು ದಾಟಬೇಕು. ನಾನು ಇದನ್ನು ಕಲಿತದ್ದು ಮೊಣಕಾಲಿನ ಚರ್ಮ ಕೊಟ್ಟು.

ಬ್ರೇಕಿನ ಮಾತು ಬಂತಲ್ಲ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಅಂತ ನಮ್ಮ ಅಪ್ಪಂದಿರು ಹೇಳಿಕೊಟ್ಟಿದ್ದಾರೆ. ಒಣ ರಸ್ತೆಯಲ್ಲಿ ಅದು ತಪ್ಪು. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ಗಾಡಿ ನಿಲ್ಲಿಸುವ ಬಲವೂ ಹೆಚ್ಚಾಗಿ ಅಲ್ಲೇ. ಗಬಕ್ಕನೆ ಹಿಡಿಯಬಾರದು, ನಿಂಬೆಹಣ್ಣು ಹಿಂಡಿದ ಹಾಗೆ ಒತ್ತುತ್ತಾ ಹೋಗಬೇಕು. 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ 2019ರಿಂದ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ, ಆದರೆ ನಮ್ಮೂರಲ್ಲಿ ಓಡುವ ಹಳೆಯ 100 ಸಿಸಿ ಗಾಡಿಗಳಿಗೆ ಅದೆಲ್ಲಿ?

ಇನ್ನೊಂದು, ಬಲಕ್ಕೆ ತಿರುಗುವ ಮೊದಲು ಬಲ ಭುಜದ ಮೇಲಿಂದ ಹಿಂದೆ ಒಂದು ನೋಟ. ಬ್ರಿಟನ್ನಿನಲ್ಲಿ ಅದಕ್ಕೆ ಲೈಫ್‌ಸೇವರ್ ಅಂತಲೇ ಹೆಸರು. ಹಳ್ಳಿ ದಾರಿಗೆ ಇಂಡಿಕೇಟರ್ ಹಾಕಿ ತಿರುಗುವವನನ್ನು ಹಿಂದಿನಿಂದ ಓವರ್‌ಟೇಕ್ ಮಾಡಲು ಬಂದ ಕಾರು ಗುದ್ದುವ ಕಥೆ ನೀವೂ ಕೇಳಿರುತ್ತೀರಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರದವರು.

ಹಾಗಾದರೆ ನೀವೇನು ಮಾಡಬಹುದು? ಇಂಗ್ಲೆಂಡಿಗೆ ಹೋಗಬೇಕಿಲ್ಲ. ತಾಳ್ಮೆಯಿಂದ ಓಡಿಸುವ ಗೆಳೆಯರೊಬ್ಬರನ್ನು ಕರೆಯಿರಿ. ಮುಖಸ್ತುತಿ ಮಾಡುವವರು ಬೇಡ. ನಿಮಗೆ ದಿನವೂ ಗೊತ್ತಿರುವ ರಸ್ತೆಯೇ ಇರಲಿ, ಅಲ್ಲೇ ನಾವು ಕಣ್ಣು ಮುಚ್ಚಿ ಓಡಿಸೋದು. ರೇಷ್ಮೆ ಗೂಡಿನ ಮೂಟೆ ಕಟ್ಟಿಕೊಂಡು ಮಾರುಕಟ್ಟೆಗೆ ಓಡುವವರ ಗಡಿಬಿಡಿ ಇಲ್ಲದ ಹೊತ್ತು ನೋಡಿ. ಗೆಳೆಯರು ಎರಡು ಸೆಕೆಂಡ್ ಅಂತರ ಬಿಟ್ಟು ಹಿಂದೆ ಬರಲಿ, ಹತ್ತು ನಿಮಿಷಕ್ಕೊಮ್ಮೆ ನಿಂತು ಹೇಳಲಿ. ಅವರಿಗೋಸ್ಕರ ಚೆನ್ನಾಗಿ ಓಡಿಸಿ ತೋರಿಸಲು ಹೋಗಬೇಡಿ. ಮೊದಲ ಕಾಲು ಗಂಟೆ ಎಲ್ಲರೂ ಹಾಗೆ ಮಾಡುತ್ತಾರೆ, ಆಮೇಲೆ ಹಳೇ ಚಾಳಿ ತಾನಾಗೇ ಹೊರಬರುತ್ತದೆ.

ಅವತ್ತು ಶಿಡ್ಲಘಟ್ಟ ತಲುಪಿ ಕಾಫಿ ಕುಡಿಯುವಾಗ ನಮ್ಮ ಹೆಡ್ ಕಾನ್‌ಸ್ಟೆಬಲ್ ಸಾಹೇಬರು ಕೇಳಿದರು, "ದಾರೀಲಿ ಕನ್ನಡಿ ಎಷ್ಟು ಸಲ ನೋಡಿದ್ರಿ?" ಬೇಕಾದಷ್ಟು ಸಲ ಅಂದೆ. ಅವರು ಎರಡು ಬೆರಳು ತೋರಿಸಿದರು. ಎಣಿಸಿದ್ದರಂತೆ.