ಮುಖ್ಯ ತರಬೇತುದಾರರ ಹೆಸರಿನ ಕೆಳಗೆ: ಅಲಬಾಮಾ ತಂಡದ ಸಿಬ್ಬಂದಿ

ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಓದಲು ಹೊರಟವರು ಹೆಚ್ಚಾಗಿ ಮುಖ್ಯ ತರಬೇತುದಾರರ ಹೆಸರಿನಲ್ಲೇ ನಿಂತುಬಿಡುತ್ತಾರೆ. ತಂಡವೊಂದು ಎತ್ತ ಸಾಗುತ್ತಿದೆ ಎಂದು ತಿಳಿಯಬೇಕಾದರೆ ಅವರ ಕೆಳಗಿನ ಪಟ್ಟಿಯಲ್ಲಿ ಯಾರು ಬಂದರು, ಯಾರು ಹೋದರು, ಎಲ್ಲಕ್ಕಿಂತ ಮುಖ್ಯವಾಗಿ ಯಾರು ಉಳಿದರು ಎಂದು ನೋಡಬೇಕು. ಇದನ್ನು ಕಲಿಯಲು ಅಲಬಾಮಾ ವಿಶ್ವವಿದ್ಯಾಲಯದ ತಂಡಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಮೊದಲು ರಚನೆ. ಮುಖ್ಯ ತರಬೇತುದಾರರ ಕೆಳಗೆ ಆಕ್ರಮಣ ಮತ್ತು ರಕ್ಷಣಾ ವಿಭಾಗದ ಸಂಯೋಜಕರು, ಒಂದೊಂದು ಸ್ಥಾನದ ಆಟಗಾರರಿಗೆ ಒಬ್ಬೊಬ್ಬ ತರಬೇತುದಾರರು ಇರುತ್ತಾರೆ. ಕಾಲೇಜು ಕ್ರೀಡೆಯ ನಿಯಂತ್ರಣ ಸಂಸ್ಥೆ ಎನ್‌ಸಿಎಎ ಈ ಸಹಾಯಕರ ಸಂಖ್ಯೆಯನ್ನು 2018ರ ಜನವರಿಯಲ್ಲಿ 9ರಿಂದ 10ಕ್ಕೆ ಏರಿಸಿತು. ಇವರ ಆಚೆಗೆ ವಿಶ್ಲೇಷಕರು, ದೈಹಿಕ ತರಬೇತುದಾರರು, ನೇಮಕಾತಿ ಸಿಬ್ಬಂದಿ, ವಿಡಿಯೊ ವಿಭಾಗದವರು.

ವಿಶ್ಲೇಷಕರ ಹುದ್ದೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. 2024ರವರೆಗೆ ಅವರು ಎದುರಾಳಿಯ ವಿಡಿಯೊ ನೋಡಬಹುದಿತ್ತು, ಆಟದ ಯೋಜನೆ ಸಿದ್ಧಪಡಿಸಬಹುದಿತ್ತು. ಆಟಗಾರರಿಗೆ ನೇರವಾಗಿ ಕಲಿಸುವಂತಿರಲಿಲ್ಲ. 2007ರಿಂದ ಅಲಬಾಮಾವನ್ನು ನಡೆಸಿದ ನಿಕ್ ಸೇಬನ್ ಈ ಹುದ್ದೆಯನ್ನು ಮೀಸಲು ಪಡೆಯನ್ನಾಗಿ ಬೆಳೆಸಿದರು. ಬೇರೆಡೆ ಮುಖ್ಯ ತರಬೇತುದಾರರಾಗಿ ಕೆಲಸ ಕಳೆದುಕೊಂಡವರು ಇಲ್ಲಿ ವಿಶ್ಲೇಷಕರಾಗಿ ಸೇರುತ್ತಿದ್ದರು. 2016ರಲ್ಲಿ ಹಾಗೆ ಬಂದವರು ಸ್ಟೀವ್ ಸಾರ್ಕಿಸಿಯನ್ ಮತ್ತು ಮೈಕ್ ಲಾಕ್ಸ್‌ಲಿ. ಆ ಋತುವಿನ ರಾಷ್ಟ್ರೀಯ ಫೈನಲ್‌ಗೆ ಒಂದು ವಾರ ಉಳಿದಿದ್ದಾಗ, ಫ್ಲಾರಿಡಾ ಅಟ್ಲಾಂಟಿಕ್ ವಿಶ್ವವಿದ್ಯಾಲಯದ ಮುಖ್ಯ ತರಬೇತುದಾರರ ಹುದ್ದೆ ಒಪ್ಪಿಕೊಂಡಿದ್ದ ಆಕ್ರಮಣ ಸಂಯೋಜಕ ಲೇನ್ ಕಿಫಿನ್ ನಿರ್ಗಮಿಸಿದರು. ಅವರ ಜಾಗಕ್ಕೆ ಸಾರ್ಕಿಸಿಯನ್ ಬಂದರು. ಪಂದ್ಯವನ್ನು ಎದುರಾಳಿ ಕ್ಲೆಮ್ಸನ್ 35-31ರಿಂದ ಗೆದ್ದಿತು ನಿಜ. ಆದರೆ ಸಹಾಯಕ ತರಬೇತುದಾರರಿಗೆ ಮೀಸಲಾದ ಬ್ರಾಯ್ಲ್ಸ್ ಪ್ರಶಸ್ತಿ 2018ರಲ್ಲಿ ಲಾಕ್ಸ್‌ಲಿಗೆ, 2020ರಲ್ಲಿ ಸಾರ್ಕಿಸಿಯನ್‌ಗೆ ಸಂದಿತು. ಇಬ್ಬರೂ ಅಲಬಾಮಾದ ಸಂಯೋಜಕರಾಗಿಯೇ ಅದನ್ನು ಪಡೆದರು. ಒಂದು ಕಾಲದಲ್ಲಿ ಯಾರೂ ಗಮನಿಸದ ಹುದ್ದೆಯಲ್ಲಿ ಕುಳಿತಿದ್ದವರು ಇವರು!

ಇನ್ನು ದೈಹಿಕ ತರಬೇತುದಾರರು. ನನ್ನ ದೃಷ್ಟಿಯಲ್ಲಿ ಪಟ್ಟಿಯ ಅತಿ ತೂಕದ ಹೆಸರು ಇದೇ. ಋತು ಮುಗಿದ ಮೇಲೆ ಉಳಿದ ತರಬೇತುದಾರರು ಆಟಗಾರರೊಂದಿಗೆ ಕಳೆಯುವ ಸಮಯಕ್ಕೆ ನಿಯಮಗಳು ಬಿಗಿಯಾದ ಮಿತಿ ಹಾಕುತ್ತವೆ. ಆ ತಿಂಗಳುಗಳಲ್ಲಿ ತಂಡದ ಶಿಸ್ತು, ಮನಃಸ್ಥಿತಿ ರೂಪುಗೊಳ್ಳುವುದು ವ್ಯಾಯಾಮ ಕೊಠಡಿಯಲ್ಲಿ. ಸೇಬನ್ ಜೊತೆ 2007ರಿಂದ ಇದ್ದ ಸ್ಕಾಟ್ ಕಾಕ್ರನ್ 2020ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿನ ಮುಖ್ಯ ತರಬೇತುದಾರ ಕರ್ಬಿ ಸ್ಮಾರ್ಟ್, ಹಿಂದೆ ಸೇಬನ್ ಅವರ ರಕ್ಷಣಾ ಸಂಯೋಜಕರಾಗಿದ್ದವರು. ಕಾಕ್ರನ್‌ಗೆ ಅವರು ಕೊಟ್ಟದ್ದು ವಿಶೇಷ ತಂಡಗಳ (ಚೆಂಡನ್ನು ಒದೆಯುವ ಸಂದರ್ಭಗಳಲ್ಲಿ ಆಡುವ ಗುಂಪುಗಳ) ಸಂಯೋಜಕ ಹುದ್ದೆ, ಅಂದರೆ ಮೈದಾನದ ಕೆಲಸ. ಅಲಬಾಮಾ ಇಂಡಿಯಾನಾದಿಂದ ಡೇವಿಡ್ ಬಲೂ ಅವರನ್ನು ಕರೆತಂದಿತು. ಆ ಋತುವಿನ 13 ಪಂದ್ಯಗಳನ್ನೂ ಗೆದ್ದಿತು. ಗೆಲುವಿಗೆ ಬಲೂ ಒಬ್ಬರೇ ಕಾರಣ ಎಂದು ಬರೆದುಕೊಳ್ಳಬೇಡಿ. ಕಾಕ್ರನ್ ಹೋದರೆ ತಂಡ ಕುಸಿಯುತ್ತದೆ ಎಂಬ ಊಹೆ ಸುಳ್ಳಾಯಿತು ಎಂದಷ್ಟೇ ಬರೆದುಕೊಳ್ಳಿ.

2024ರ ಜನವರಿ 10ರಂದು ಸೇಬನ್ ನಿವೃತ್ತರಾದರು. ಎರಡೇ ದಿನಗಳಲ್ಲಿ ಅವರ ಜಾಗಕ್ಕೆ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಕೇಲನ್ ಡಿಬೋರ್ ಬಂದರು. ಮುಖ್ಯ ತರಬೇತುದಾರರು ಬದಲಾದರೆ ಆಟಗಾರರಿಗೆ ಬೇರೆ ಕಾಲೇಜಿಗೆ ಹೋಗಲು ಆಗ 30 ದಿನಗಳ ಅವಕಾಶವಿತ್ತು. ರಕ್ಷಣಾ ವಿಭಾಗದ ಪ್ರತಿಭೆ ಕೇಲೆಬ್ ಡೌನ್ಸ್ ಓಹಾಯೋ ಸ್ಟೇಟ್‌ಗೆ ಹೋದರು. ಹೊಸಬರನ್ನು ತಂದುಕೊಂಡ ಡಿಬೋರ್ ಬಲೂ ಅವರನ್ನು ಮಾತ್ರ ಬಿಡಲಿಲ್ಲ. ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರರ) ತರಬೇತುದಾರ ರಾಬರ್ಟ್ ಗಿಲೆಸ್ಪಿ, ರಕ್ಷಣಾ ಸಾಲಿನ ಫ್ರೆಡಿ ರೋಚ್ ಕೂಡ ಉಳಿದರು. ಮನೆಗೆ ಹೋಗಿ ಹೆತ್ತವರೊಂದಿಗೆ ಮಾತನಾಡಿ ಆಟಗಾರನನ್ನು ಕರೆತಂದವರು ಗಿಲೆಸ್ಪಿ, ರೋಚ್ ಅವರಂಥ ಸಹಾಯಕರೇ. ಅವರ ಮುಖ ಪರಿಚಿತವಾಗಿ ಉಳಿಯುವುದಕ್ಕೆ ಆ 30 ದಿನಗಳಲ್ಲಿ ಬೆಲೆಯಿತ್ತು.

ಬದಲಾವಣೆ ಅಲ್ಲಿಗೇ ನಿಲ್ಲಲಿಲ್ಲ. ಡಿಬೋರ್ ಬಿಟ್ಟುಬಂದ ವಾಷಿಂಗ್ಟನ್, ಅರಿಜೋನಾದಿಂದ ಜೆಡ್ ಫಿಶ್ ಅವರನ್ನು, ಅರಿಜೋನಾ ಸ್ಯಾನ್ ಹೋಸೆ ಸ್ಟೇಟ್‌ನಿಂದ ಬ್ರೆಂಟ್ ಬ್ರೆನನ್ ಅವರನ್ನು ಮುಖ್ಯ ತರಬೇತುದಾರರನ್ನಾಗಿ ತಂದವು. ಡಿಬೋರ್ ಜೊತೆ ಬಂದಿದ್ದ ಆಕ್ರಮಣ ಸಂಯೋಜಕ ರಯಾನ್ ಗ್ರಬ್ ಫೆಬ್ರವರಿಯಲ್ಲೇ ವೃತ್ತಿಪರ ತಂಡ ಸಿಯಾಟಲ್ ಸೀಹಾಕ್ಸ್‌ಗೆ ಹೋಗಿ, 2025ರಲ್ಲಿ ಮರಳಿದರು.

ಹಳೆಯ ಮತ್ತು ಹೊಸ ಪಟ್ಟಿಗಳನ್ನು ಹೋಲಿಸುವವರು ಒಂದನ್ನು ಗಮನಿಸಬೇಕು. 2024ರ ಬೇಸಿಗೆಯಲ್ಲಿ ನಿಯಮ ಸಡಿಲಗೊಂಡು, ವಿಶ್ಲೇಷಕರೂ ಅಭ್ಯಾಸದಲ್ಲಿ, ಪಂದ್ಯದಲ್ಲಿ ಕಲಿಸಬಹುದಾಯಿತು. ಕ್ಯಾಂಪಸ್‌ನ ಹೊರಗೆ ಹೋಗಿ ಆಟಗಾರರನ್ನು ಸೆಳೆಯುವ ಅಧಿಕಾರ ಮಾತ್ರ ಮುಖ್ಯ ತರಬೇತುದಾರರಿಗೂ ಆ 10 ಸಹಾಯಕರಿಗೂ ಸೀಮಿತವಾಗಿ ಉಳಿಯಿತು.