ಇಂಪು ಎಲ್ಲರ ಕಿವಿಗೂ ಒಂದೇ ಅಲ್ಲ

ಪ್ರಶ್ನೆ: ಪರಿಚಯವಿಲ್ಲದ ಸಂಗೀತ ನನಗೆ ಬರೀ ಗದ್ದಲವೆನಿಸುತ್ತದೆ. ಇಂಪಾದದ್ದು ಯಾರ ಕಿವಿಗಾದರೂ ಇಂಪೇ ತಾನೆ? ಹಾಗಿರುವಾಗ ಮುಕ್ತ ಮನಸ್ಸಿನಿಂದ ಕೇಳುವುದೆಂದರೇನು?

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕ ತಪ್ಪಿದೆ. ತೊಡಕಿರುವುದು ನಡುವಿನ ವಾಕ್ಯದಲ್ಲಿ. ಕೇಳುವವರೆಲ್ಲರೂ ಅದನ್ನು ಸಿದ್ಧಸತ್ಯವೆಂಬಂತೆ ಬರೆದು ಮುಂದೆ ಹೋಗುತ್ತಾರೆ.

ಅದು ಸತ್ಯವಲ್ಲ. ಬಾಲಿ ದ್ವೀಪದ ಗಮೆಲಾನ್ ಮೇಳದಲ್ಲಿ ಲೋಹದ ಪಟ್ಟಿಗಳ ವಾದ್ಯಗಳನ್ನು ಜೋಡಿಯಾಗಿ ಮಾಡುತ್ತಾರೆ, ಮತ್ತು ಜೋಡಿಯಲ್ಲಿ ಒಂದರ ಶ್ರುತಿಯನ್ನು ಬೇಕೆಂದೇ ಇನ್ನೊಂದಕ್ಕಿಂತ ತುಸು ಮೇಲಿಡುತ್ತಾರೆ. ಎರಡನ್ನೂ ಒಟ್ಟಿಗೆ ನುಡಿಸಿದಾಗ ನಾದವು ಸೆಕೆಂಡಿಗೆ ಹಲವು ಬಾರಿ ಏರಿಳಿಯುತ್ತ ಕಂಪಿಸುತ್ತದೆ. ಅಲ್ಲಿಯವರು ಅದನ್ನು ಒಂಬಕ್, ಅಂದರೆ ಅಲೆ, ಎನ್ನುತ್ತಾರೆ. ಶ್ರುತಿ ಕೂದಲೆಳೆಯಷ್ಟೂ ಸರಿಯಬಾರದೆಂದು ಕಲಿತ ಕಿವಿಗೆ ಇದು ಅಪಸ್ವರ. ಅದನ್ನೇ ಕೇಳಿ ಬೆಳೆದವರಿಗೆ ಅಲೆಯಿಲ್ಲದ ನಾದ ನಿರ್ಜೀವ.

ಇದು ಒಂದು ದ್ವೀಪದ ವಿಚಿತ್ರ ರುಚಿಯೆಂದು ತಳ್ಳಿಹಾಕುವವರಿಗೆ ಇನ್ನೊಂದು ಮಾತು. ಬೊಲಿವಿಯಾದ ಅಮೆಜಾನ್ ಕಾಡಿನ ಚಿಮಾನೆ ಜನರ ಬಗ್ಗೆ 2016ರಲ್ಲಿ ನೇಚರ್ ಪತ್ರಿಕೆ ಒಂದು ಅಧ್ಯಯನವನ್ನು ಪ್ರಕಟಿಸಿತು. ಪಾಶ್ಚಾತ್ಯ ಸಂಗೀತದಲ್ಲಿ ಹೊಂದುತ್ತವೆಂದು ಹೇಳುವ ಸ್ವರಗುಚ್ಛಗಳನ್ನೂ ಹೊಂದುವುದಿಲ್ಲವೆನ್ನುವ ಸ್ವರಗುಚ್ಛಗಳನ್ನೂ ಅವರು ಸಮಾನವಾಗಿ ಹಿತವೆಂದರು. ಹಾಗೆಂದು ಅವರ ಕಿವಿ ಮಂದವಲ್ಲ: ಒರಟಾಗಿ ಗರಗರಿಸುವ ನಾದ ಅವರಿಗೂ ಹಿಡಿಸಲಿಲ್ಲ. ಹುಟ್ಟಿನಿಂದ ಬಂದದ್ದೆಂದು ನಾವು ನಂಬಿರುವ ಇಂಪಿನಲ್ಲಿ ದೊಡ್ಡ ಪಾಲು ಬರೀ ರೂಢಿ.

ಇನ್ನು ಕೇಳುವ ಬಗೆ. ಎಲ್ಲವನ್ನೂ ಒಮ್ಮೆಗೇ ಹಿಡಿಯಲು ಹೋಗದೆ ಒಂದೇ ಎಳೆಯನ್ನು ಹಿಂಬಾಲಿಸಿ. ಗಮೆಲಾನ್‌ನಲ್ಲಾದರೆ ಪ್ರತಿ ಆವರ್ತ ಮುಗಿಯುವಲ್ಲಿ ದೊಡ್ಡ ಜಾಗಟೆಯೊಂದು ಮೊಳಗುತ್ತದೆ. ಮೊದಲ ಸಲ ಅದಕ್ಕಾಗಿ ಮಾತ್ರ ಕಾಯಿರಿ. ಮೂರನೆಯ ಸಲಕ್ಕೆ ಅದು ಬರುವ ಹೊತ್ತನ್ನು ಕಿವಿ ತಾನೇ ಊಹಿಸತೊಡಗುತ್ತದೆ, ಗದ್ದಲಕ್ಕೆ ಆಕಾರ ಬರುವುದು ಅಲ್ಲಿಂದ.

ಇಷ್ಟಾದ ಮೇಲೂ ಹಿಡಿಸದಿದ್ದರೆ? ನೀವು ಇದನ್ನು ಕೇಳಿಲ್ಲ, ಆದರೂ ಹೇಳುತ್ತೇನೆ: ಹಿಡಿಸಲೇಬೇಕೆಂಬ ಕಟ್ಟುಪಾಡಿಲ್ಲ. ಬಾಲಿಯ ಅತಿವೇಗದ ಕೃತಿಗಳು ನನಗೆ ಇಂದಿಗೂ ಅಷ್ಟಾಗಿ ಒಗ್ಗಿಲ್ಲ. ಅವು ಗದ್ದಲವೆಂದಲ್ಲ, ಇಬ್ಬರು ವಾದಕರು ಒಂದೇ ಸ್ವರಮಾಲೆಯನ್ನು ಹಂಚಿಕೊಂಡು ಮಿಂಚಿನಂತೆ ಹೆಣೆಯುವಾಗ ಆ ಅಲೆಯನ್ನು ಆಲಿಸಲು ನನಗೆ ಬಿಡುವೇ ಸಿಗುವುದಿಲ್ಲ.